ಹದಿನೇಳು

ಸೊಹಾರಿನಲ್ಲಿ ಹನ್ನೊಂದು ವರ್ಷ.
ಆಗಸ್ಟ್ ಮುಗಿಯುವ ಹೊತ್ತಿಗೆ ಡಯಾಲಿಸಿಸ್ ಕುರ್ಚಿಗಳಲ್ಲಿ
ಹೊಸ ಹುಡುಗರು ಬಂದು ಕೂರುತ್ತಾರೆಂದು
ನನಗೆ ಗೊತ್ತಿತ್ತು. ಕೇಳಿದವರಿಲ್ಲ.

ಈಗ ಫೆಲೋಶಿಪ್ಪು. ಗುರುವಾರ ನೈಟ್ ಡ್ಯೂಟಿ ಇಳಿದು
ಮುಖಕ್ಕೆ ನೀರು ಚಿಮುಕಿಸಿಕೊಂಡು ನೇರ ತರಗತಿಗೆ.
'ಗೊತ್ತಿತ್ತು ಅನ್ನುವುದು ಸಾಕ್ಷಿಯಲ್ಲ, ಸೆವ್ರಿನ್,'
ಡಾಕ್ಟರ್ ಬುದೂರ್ ನಗುತ್ತಾರೆ, 'ಎಣಿಸಿ.'

ಎಣಿಸುತ್ತೇನೆ. ಬಿಸಿಲಲ್ಲಿ ಎಷ್ಟು ಗಂಟೆ,
ದಿನಕ್ಕೆ ಎಷ್ಟು ಬಾಟಲಿ ನೀರು, ಮೂತ್ರದ ಬಣ್ಣ.
ಹೆಸರು ಬರೆಯುವಂತಿಲ್ಲ.
ಬೆಡ್ ನಂಬರ್ ಹಿಡಿದು ಕರೆದ ಜೂನಿಯರುಗಳನ್ನು
ಗದರಿದ ಬಾಯಿ ನನ್ನದೇ: ಅವನಿಗೊಂದು ಹೆಸರಿದೆ!

ರಾಜಮಲ್ಲು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ
ಶಾಯಿಯನ್ನು ಲುಂಗಿಗೆ ಒರೆಸಿಕೊಂಡ.
'ನಾನು ಎಷ್ಟನೆಯವ, ಸಿಸ್ಟರ್?'
ಹದಿನೇಳು.
'ಕ್ಯಾಂಪಿನಲ್ಲಿ ನನ್ನ ಮಂಚಕ್ಕೂ ಅದೇ ನಂಬರು!'
ಹಲ್ಲು ಕಾಣುವ ಹಾಗೆ ನಕ್ಕ. ಆಮೇಲೆ ಮೆಲ್ಲಗೆ,
'ಊರಿಗೆ ಕಳಿಸಿಬಿಟ್ಟರೂ ಈ ಲೆಕ್ಕದಲ್ಲಿ ಇರ್ತೇನಾ?'

ಅದಕ್ಕೂ ಒಂದು ಕಾಲಮ್ಮು ಇದೆ,
ಹೋದ ವಾರವಷ್ಟೇ ಕಲಿಸಿದರು:
'ಸಂಪರ್ಕ ತಪ್ಪಿದವರು.'
ಹೇಳಲಿಲ್ಲ.
ಮೂರನೇ ಮಶೀನಿನ ಅಲಾರಂ ಕೂಗಿತು.
ಪೆನ್ನು ಕಿವಿಗೆ ಸಿಕ್ಕಿಸಿ ಎದ್ದು ಹೋಗಿ
ಕೆಂಪು ನಳಿಕೆಯ ಮಡಿಕೆ ಬಿಡಿಸಿದೆ.