ನಾಕು ಹೆಜ್ಜಿ

ಅಲಾಯಿ ಕುಣಿ ಸುತ್ತ ಹನ್ನೆರಡು ಮಂದಿ,
ನಾ ಏಳನೇದವ.
ಮೂರನೇ ನುಡಿ ಮುಗದ ಮ್ಯಾಲೆ
ಒಂದು ಸಾಲು ನಾವು ಹಾಡೂದಿಲ್ಲ.
ಬಾಯಿ ಮುಚ್ಚಿ ನಾಕು ಹೆಜ್ಜಿ ಹಾಕತೀವಿ.
ಹಲಗಿನೂ ತಡೀತದ.
ಬರೇ ಗೆಜ್ಜಿ, ಬರೇ ಮಣ್ಣು,
ಆಮ್ಯಾಲೆ ನಾಕನೇ ನುಡಿ.
ಯಾಕ ಅಂತ ಕೇಳಿದರ ನಮ್ಮಪ್ಪ ಅಂತಿದ್ದ:
ಪದದಾಗ ಹಂಗ ಐತಿ, ನೀ ಹೆಜ್ಜಿ ನೋಡಿ ಹಾಕು.

ಚಾವಡಿ ಗ್ವಾಡ್ಯಾಗ ಒಂದು ಬಿಳೀ ಕಲ್ಲು,
ಇಂಗ್ಲಿಷ ಅಕ್ಷರ.
ಅದರ ಮ್ಯಾಲೇ ಲೈಟಿನ ಮೀಟರ ಬಡದಾರ.
ಈ ಊರಿಂದ ದೊಡ್ಡ ಯುದ್ಧಕ್ಕ ಹೋದವರು ಹದಿನಾಕು,
ಇಷ್ಟು ಕಾಣತದ.
ಸತ್ತವರ ಅಂಕಿ ಮೀಟರಿನ ಹಿಂದ.

ಹದಿನಾಕರೊಳಗ ಒಬ್ಬ ನನ್ನ ಮುತ್ತ್ಯಾ ಫಕೀರಪ್ಪ ಹರ್ಲಾಪುರ,
ಬಸರಾದಾಗ ಹೇಸರಗತ್ತಿ ಕಾಯಾಕ ಹೋದಾಂವ.
ಸಣ್ಣಾಂವಿದ್ದಾಗ, ಪದದಾಗ ಬರೂ ಫುರಾತ ಹೊಳಿ
ಕೊರ್ಲಹಳ್ಳಿ ಆಚೀಕ ಎಲ್ಲೋ ಐತಿ ಅಂದಕೊಂಡಿದ್ದನಂತ.
ಅಲ್ಲಿ ಹೋಗಿ ನೋಡತಾನ, ಹರೀಲಿಕ್ಕತ್ತೇತಿ ಖರೇನ,
ಕೂಸು ನೀರಡಿಸಿ ಸತ್ತ ಹೊಳಿ,
ಈ ದಂಡಿಗೆ ಇವರು, ಆ ದಂಡಿಗೆ ಅವರು,
ಕುಡಿಯಾಕ ಬಗ್ಗಿದವನ ಬೆನ್ನು ಇಬ್ಬರಿಗೂ ಕಾಣೂವಂಗ.
ತಿರುಗಿ ಬಂದು ಮೂರು ವರ್ಷ ಬಾಯಿ ತಗೀಲಿಲ್ಲ.
ನಾಕನೇ ಮೊಹರಮ್ಮಿಗೆ
ದಾವಲಸಾಬ ನದಾಫನ ಪಡಸಾಲ್ಯಾಗ ಕುಂತು,
ಅರಳಿಯ ಧೂಳಿನ್ಯಾಗ ಕೆಮ್ಮಿಕೋತ
ರಿವಾಯತಕ್ಕ ಒಂದು ಸಾಲು ಕೂಡಿಸಿದ.

ಎರಡನೇ ಯುದ್ಧಕ್ಕ ಮಂದಿ ಹಿಡಿಯಾಕ ಬಂದರು.
ಚಾವಡಿ ಮುಂದ ಮೇಜು, ರಿಜಿಸ್ಟರು,
ಹುಡುಗರು ಅಂಗಿ ಕಳದು ಸಾಲು ಹಚ್ಚಿದ್ದರು.
ಹಿಂದಿನಿಂದ ಯಾರೋ ಆ ಸಾಲು ಎತ್ತಿದರು.
ಒಂದು ಸಾಲಿಗೆ ಒಂದು ಸಾಲೇ ಚದುರಿತು.
ಪೊಲೀಸಪಾಟೀಲ ಪದದ ವಹಿ ತರಿಸಿ
ಶಾಯಿ ಸುರುವಿ ಹೆಬ್ಬೆರಳಲೆ ತಿಕ್ಕಿದ.
ದಾವಲಸಾಬಗ ಗದುಗಿನ ಕಚೇರ್ಯಾಗ ಎರಡು ರಾತ್ರಿ.
ಇನ್ನ ಹಾಡಂಗಿಲ್ಲ ಅಂದರು.
ಆತ್ರಿ, ಹಾಡೂದಿಲ್ಲ ಅಂದ.
ಹಾಡಲಿಲ್ಲ. ಜಾಗಾ ಬಿಟ್ಟ.

ಎಪ್ಪತ್ತೊಂದರಾಗ ನಾ ತೊಟ್ಟಿಲದಾಗಿದ್ದೆ.
ಅಜ್ಜಿ ಬಾಳವ್ವ ಬೀಸಾಕ ಕುಂತಾಗ
ತಮ್ಮನ ತಾರು ಬಂತಂತ.
ಓದಿಸಿ ಕೇಳಿದಳು. ಗೂಟ ಬಿಡಲಿಲ್ಲ.
ಬೀಸೂ ಪದ ನಿಂತು, ಕಲ್ಲು ನಾಕು ಸುತ್ತು ತಿರುಗಿತು.
ಕುಣಿಗೆ ಎಂದೂ ಇಳೀದ ಹೆಂಗಸರಿಗೂ
ಆ ಜಾಗಾ ಗೊತ್ತಿತ್ತು.

ಈ ಸಲ ಯುದ್ಧ ಟಿವ್ಯಾಗ ಬಂತು.
ಬಸ್ ಸ್ಟ್ಯಾಂಡಿಗೆ ಡಿಜೆ ತರಿಸಿ
ಯಾವದೋ ಗೆದ್ದ ಹಾಡಿಗೆ ಹುಡುಗರು ಕುಣದರು,
ಅವರೊಳಗ ನನ್ನ ಮಗ ಪರಸು.
ಸುಳ್ಳ್ಯಾಕ ಹೇಳಲಿ,
ಚಾದಂಗಡ್ಯಾಗ ಕುಂತ ನನ್ನ ಕಾಲೂ ಒಮ್ಮೆ ಅಲುಗಿತು.

ದಾವಲಸಾಬನ ಮರಿಮೊಮ್ಮಗಳು ಮುಬೀನಾ
ಧಾರವಾಡದಾಗ ಬಿ.ಎಡ್ ಓದೂಕಿ,
ವಹಿಯ ಫೋಟೋ ಹೊಡದು
ಬೆಳಕು ಏರಿಸಿ ಇಳಿಸಿ ವಾರಗಟ್ಟಲೆ ನೋಡಿದಳು.
ಶಾಯಿ ಬುಡಕ ಒಂದು ಶಬ್ದ ಸಿಕ್ಕೇತಿ ಕಾಕಾ,
ನೀರು.
ಇಲ್ಲಾ, ನೀನು.
ಕಡೀ ಅಕ್ಷರ ತಿಕ್ಕ್ಯಾಡೇತಿ.
ಹೊಸಾ ಸಾಲು ಬರದು ತುಂಬೂಣೇನು?
ನಾ ಸುಮ್ಮನಿದ್ದೆ.
ನನಗ ಅಷ್ಟ ಬರತದ.

ಖತಲ್ ರಾತ್ರಿ.
ನಮ್ಮ ಬಾಯಾಗ ಅದು ಕತ್ತಲ ರಾತ್ರಿ.
ಕೆಂಡ, ಉದಿ, ಲೋಬಾನದ ಹೊಗಿ,
ದಂಡ್ಯಾಗ ಮುಬೀನಾ ವಹಿ ಎದಿಗೊತ್ತಿಕೊಂಡು.
ಮೂರನೇ ನುಡಿ ಮುಗೀತು.
ಮೊದಲನೇ ಹೆಜ್ಜಿ. ಎರಡನೇದು.
ಯಾರದೋ ಫೋನು ಬಡಕೊಂತು,
ಅದ ಗೆದ್ದ ಹಾಡು.
ಪರಸು ಒಂದು ಕಿಸೆ ಹುಡುಕಿದ, ಇನ್ನೊಂದು ಹುಡುಕಿದ,
ಕಡೀಕ ಅಂಗೈಯಾಗ ಅದರ ಬಾಯಿ ಮುಚ್ಚಿ ಹಿಡದ.
ಮೂರು. ನಾಕು.
ಹಲಗಿ ದುರಗಪ್ಪ ಎತ್ತಿದ ಕೋಲು ಇಳಸಲಿಲ್ಲ.
ಫೋನು ಅಂವನ ಮುಷ್ಟ್ಯಾಗ ಇನ್ನೂ ನಡಗಲಿಕ್ಕತ್ತಿತ್ತು.
ಐದನೇ ಹೆಜ್ಜಿ ನಮಗ ಯಾರೂ ಕಲಿಸಿದ್ದಿಲ್ಲ.
ಬಿತ್ತು.