ಐದು ನಿಮಿಷದ ದಾರಿ

ಮಡಗಾಂವದ ಏಜೆಂಟ್ ಹುಡುಗ ಫೋನಿನಲ್ಲಿ ಹೇಳುತ್ತಾನೆ,
‘ಸ್ಟೇಶನ್ನಿನಿಂದ ಹೋಟೆಲು ಐದೇ ನಿಮಿಷ, ಮೇಡಂ.’
ಯಾರ ಐದು ನಿಮಿಷ, ಕೇಳುತ್ತೇನೆ.
ಅವನು ನಗುತ್ತಾನೆ,
ನಾನು ತಮಾಷೆ ಮಾಡಿದೆನೆಂದು.

ಹಳೇ ಹಾಜರಿ ಪುಸ್ತಕವೊಂದು ಖಾಲಿ ಉಳಿದಿತ್ತು,
ಅದರಲ್ಲೇ ಬರೆಯುತ್ತಿದ್ದೇನೆ:
ಹೆಸರಿನ ಜಾಗದಲ್ಲಿ ಊರು,
ತಾರೀಖಿನ ಮನೆಗಳಲ್ಲಿ ಮೆಟ್ಟಿಲು,
ಷರಾ ಎಂಬಲ್ಲಿ, ಬೆಂಚು ಇದೆಯೋ ಇಲ್ಲವೋ.
ರೋಮ್, ಹಾಜರು. ಆದರೆ ಬೀದಿಗೆಲ್ಲ ಗುಂಡುಕಲ್ಲು,
ಊರುಗೋಲಿನ ತುದಿ ಸಂದಿಯಲ್ಲಿ ಸಿಕ್ಕೀತು.
ವೆಸೂವಿಯಸ್, ಗೈರುಹಾಜರು.
ಪೀಸಾದ ಗೋಪುರ ಕೆಳಗಿನಿಂದಲೇ ಸಾಕು.
ವಾಲಿ ನಿಂತದ್ದನ್ನು ನೋಡಲು ಜನ ದುಡ್ಡು ಕೊಡುತ್ತಾರಂತೆ ಅಲ್ಲಿ;
ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು
ಮೂವತ್ತೊಂದು ವರ್ಷ ಪುಕ್ಕಟೆ ನೋಡಿದರು.

ಮಾಜಾಳಿ ಶಾಲೆ, ಆರನೇ ಇಯತ್ತೆ, ಊಟದ ನಂತರದ ತಾಸು.
ಬೋರ್ಡಿನ ಮೇಲೆ ಇಟಲಿ ಬರೆದು
‘ಇದು ಬೂಟಿನ ಆಕಾರದ ದೇಶ’ ಎಂದೆ.
ನಲವತ್ತು ಜೊತೆ ಕಣ್ಣು ನಕಾಶೆಯಿಂದ ಇಳಿದು
ನನ್ನ ಸೀರೆಯ ಅಂಚಿಗೆ ಬಂದು ನಿಂತವು.
ಅದರ ಕೆಳಗೆ ಹುಬ್ಬಳ್ಳಿಯಲ್ಲಿ ಮಾಡಿಸಿದ ಬೂಟು,
ಎರಡು ಕಬ್ಬಿಣದ ಪಟ್ಟಿ, ಮೂರು ಬಕಲು,
ಬೆಳಿಗ್ಗೆ ಕಟ್ಟಿ ಏಳಲು ಹನ್ನೊಂದು ನಿಮಿಷ.
ಹಿಂದಿನ ಸಾಲಿನ ಗಣಪು ಹರಿಕಂತ್ರ ಎದ್ದು ನಿಂತ:
‘ಅಕ್ಕೋರೆ, ಅದು ಎಡಗಾಲಿಂದೋ, ಬಲಗಾಲಿಂದೋ?’
ಕೂತ್ಕೋ, ಅಂದೆ.
ಬೆಲ್ಲು ಹೊಡೆಯಿತು. ಸಿಸಿಲಿ ಬರೆಯುವುದು ಉಳಿಯಿತು.

ರಾತ್ರಿ ಅಟ್ಲಾಸು ತೆರೆದು ತಿರುತಿರುಗಿಸಿ ನೋಡಿದೆ.
ಎದುರಿನಿಂದ ಒಂದು ಕಾಲಿನದು,
ಬೆನ್ನ ಕಡೆಯಿಂದ ಇನ್ನೊಂದರದು.
ಅಂದೇ ಹೋಗಬೇಕೆನಿಸಿತು ಎಂದರೆ ಸುಳ್ಳು.
ಪೆನ್ಶನ್ನಿನ ಗಂಟು ಬಂತು, ಎಲ್ಲಿಗೆ ಎಂದು ಯಾರೋ ಕೇಳಿದರು,
ಬಾಯಿಗೆ ಆ ಹೆಸರು ಬಂತು.

ಬೈತಖೋಲದ ಮಿಂಗೇಲ್ ಹಡಗಿನಲ್ಲಿ ಅಡುಗೆಯವನಾಗಿದ್ದ,
ಜಿನೋವಾಕ್ಕೆ ಹದಿನಾಲ್ಕು ಸಲ ಹೋಗಿದ್ದಾನೆ.
ಏನೇನು ನೋಡಿದೆ?
‘ಬಟಾಟೆ’ ಅಂದ.
‘ನಾಲ್ಕು ತಾಸು ಬಿಡುವು, ಮೂವತ್ತು ಜನರ ಊಟ,
ಮಾರ್ಕೆಟ್ಟಿಗೆ ಓಡು, ವಾಪಸ್ಸು ಓಡು, ಬಾಯೀ.’
ಎರಡೂ ಕಾಲು ಗಟ್ಟಿಯಿದ್ದವನ ಇಟಲಿ
ಒಂದು ಗೋಣಿಚೀಲದಷ್ಟು.
ವೆನಿಸ್ಸಿನ ಸುದ್ದಿ ಅವನಿಗೆ ಜತೆಯವರು ಹೇಳಿದ್ದು:
ಸೇತುವೆಗಳಿಗೆಲ್ಲ ಮೆಟ್ಟಿಲು, ಆ ಗೊಡವೆಗೆ ಹೋಗಬೇಡ,
ನೀರಿನ ಬಸ್ಸು ಹತ್ತಿ ಕೂತುಬಿಡು,
ಊರೇ ನಿನ್ನ ಮುಂದೆ ನಡೆದುಹೋಗುತ್ತದೆ.

ಅದಕ್ಕೇ ಈಗ ವಾರಕ್ಕೆರಡು ದಿನ ಕೋಡಿಬಾಗದ ಧಕ್ಕೆ.
ಕಡಲ ಪಕ್ಕ ಹುಟ್ಟಿದವಳು, ದೋಣಿ ಹತ್ತಿದ್ದು ಎಣಿಸಿ ಎರಡು ಸಲ.
ಉಪ್ಪುನೀರು ತಾಗಿದರೆ ಕೀಲು ತುಕ್ಕು ಹಿಡಿದೀತೆಂದು
ಅಮ್ಮ ಮರಳಿಗೂ ಇಳಿಯಗೊಡುತ್ತಿರಲಿಲ್ಲ.
ಈಗ ಬಕಲಿಗೆ ಕೊಬ್ಬರಿ ಎಣ್ಣೆ ಸವರಿ ಬರುತ್ತೇನೆ.
ಭರತವಿದ್ದಾಗ ದೋಣಿಯ ಅಂಚು ಧಕ್ಕೆಗೆ ಸಮ,
ಇಳಿತದಲ್ಲಿ ಮೊಣಕಾಲುದ್ದ ತಗ್ಗು.
ವೆನಿಸ್ಸಿನಲ್ಲಿ ಭರತ ಎಷ್ಟು ಗಂಟೆಗೆ ಎಂದು ಏಜೆಂಟನನ್ನು ಕೇಳಿದೆ;
ಈ ಸಲ ಅವನು ನಗಲಿಲ್ಲ,
ಕೇಳಿ ಹೇಳ್ತೇನೆ ಮೇಡಂ, ಅಂದ.

ದೇವಬಾಗಕ್ಕೆ ದೋಣಿ ಬಿಡುವವನು ಗಣಪುವೇ.
ಹೊಟ್ಟೆ ಬಂದಿದೆ, ಕಿವಿಯ ಮೇಲೆ ನರೆ.
ಶೆಟ್ಲಿ ಬುಟ್ಟಿಯ ಹೆಂಗಸರು ಬೈದುಕೊಳ್ಳುತ್ತ ಸರಿದು
ಜಾಗ ಮಾಡುತ್ತಾರೆ, ತೂಗಾಡುತ್ತಾರೆ ಅವರೂ,
ಒಬ್ಬಳ ಹೆಗಲು ಇನ್ನೊಬ್ಬಳ ಮುಷ್ಟಿಯಲ್ಲಿ.
ಗಣಪು ಒಂದು ಕೈ ಹಗ್ಗಕ್ಕೆ, ಒಂದು ಕೈ ನನಗೆ ಕೊಟ್ಟು
ತಲೆಯೆತ್ತಿ ಕೇಳುತ್ತಾನೆ,
‘ಎಡಗಾಲೋ ಅಕ್ಕೋರೆ, ಬಲಗಾಲೋ?’

ತಡಿ, ಅನ್ನುತ್ತೇನೆ.
ಇನ್ನೊಂದು ಸಲ ಮೇಲೇಳಲಿ ದೋಣಿ.