ಲೇಕ್ ಫ್ರೂಟ್ ಕಂಪನಿ, ಆನಂದಪುರ

ಗಂಡನ ಹೆಸರು ಬಾಯಲ್ಲಿ ಹೇಳುವಂತಿರಲಿಲ್ಲ.
ಪಾರ್ಸಲ್ ಕಿಟಕಿಯಾಚೆ ಗುಮಾಸ್ತ ಮೂರು ಸಲ ಕೇಳಿದ:
ಮಾಲು ಯಾರದ್ದಮ್ಮ, ಯಾರ ಹೆಸರಿಗೆ ಬರೆಯಲಿ?
ಹೊಳಿಯಮ್ಮ ತಲೆಮೇಲಿನ ಬುಟ್ಟಿ ಇಳಿಸಿ
ಸ್ಟೇಷನ್ನಿನ ಹಿಂದಿನ ಕೆರೆಯತ್ತ ಕೈ ತೋರಿಸಿದಳು.
ಊರವನಾಗಿದ್ದರೆ ಕೆರಿಯಪ್ಪ ಎಂದು ತಿಳಿದುಕೊಳ್ಳುತ್ತಿದ್ದ.
ಇವನು ಮದ್ರಾಸು ಕಡೆಯವನು,
ಬಗ್ಗಿ ನೋಡಿದ, ನೀರು ಕಂಡಿತು,
ಲೇಕ್ ಎಂದು ಬರೆದ.

ನಮ್ಮ ಕಂಪನಿ ಹುಟ್ಟಿದ್ದು ಹೀಗೆ.

ಎರಡು ಬುಟ್ಟಿ ಕವಳಿ ಹಣ್ಣು, ಮೇಲೆ ಮುತ್ತುಗದೆಲೆ,
ಬೀರೂರಿಗೆ. ಒಂದು ಬೊಗಸೆ ಗುಮಾಸ್ತನ ಮೇಜಿಗೆ,
ಅದಕ್ಕೆ ರಸೀದಿಯಿಲ್ಲ.
ಗುಡ್ಡದ ಮಟ್ಟಿಗಳಲ್ಲಿ ಕೋಳಿ ಕೂಗುವ ಮೊದಲೇ ಕೊಯ್ದದ್ದು.
ಕೈತುಂಬ ಗೀರು, ಗೀರಿನ ಮೇಲೆ ಸೊನೆ,
ಸೊನೆಯ ಮೇಲೆ ಮಣ್ಣು.
ಜೊತೆಗೆ ಬಂದ ಮಕ್ಕಳು ಹಣ್ಣು ಕಚ್ಚಿ ಪಂಥ ಕಟ್ಟುತ್ತಿದ್ದವು:
ಒಳಗೆ ಕೆಂಪಿದ್ದರೆ ಹುಂಜ, ಬಿಳಿಯಿದ್ದರೆ ಹ್ಯಾಟೆ.
ಸೋತವರು ಬುಟ್ಟಿ ಹೊರಬೇಕು.

ಅಜ್ಜನ ಕಾಲಕ್ಕೆ ಗುಡ್ಡಕ್ಕೆ ಗಾರ್ಡು ಬಂದ,
ಹಿಂದೆಯೇ ನೀಲಗಿರಿ ಬಂತು, ಮಟ್ಟಿಯೆಲ್ಲ ಸವರಿದರು.
ಅಜ್ಜ ಚೌಡಪ್ಪ ಬೀಜ ಹೆಕ್ಕಿ ತಂದು
ಎರಡೆಕರೆ ಬ್ಯಾಣದಲ್ಲಿ ಸಾಲು ಹಿಡಿದು ಊರಿದ.
ಬೇಲಿಯನ್ನೇ ಬೆಳೆಯುವವನು, ಮುಳ್ಳಿಗೆ ಗೊಬ್ಬರ ಹೊರುವವನು
ಎಂದು ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡಿದರಂತೆ.
ನಾಲ್ಕು ವರ್ಷ ಬರೀ ಹೂವು.
ಐದನೆಯ ವರ್ಷ ಕೊಂಬೆ ನೆಲ ಮುಟ್ಟಿತು.
ಉಪ್ಪುನೀರಿನ ಡ್ರಮ್ಮು, ದಾವಣಗೆರೆಯ ಉಪ್ಪಿನಕಾಯಿ ಸಾವ್ಕಾರರು,
ಮದುವೆ, ಆ ಕ್ರಮದಲ್ಲೇ.

ಅಪ್ಪನ ಹತ್ತಿರ ಬಂದದ್ದು ಹುಬ್ಬಳ್ಳಿಯ ಬೇಕರಿ ಏಜೆಂಟು.
ಜೇಬಿನಿಂದ ಪೊಟ್ಟಣ ಬಿಚ್ಚಿ,
ಇದಕ್ಕೆ ಚೆರ್ರಿ ಅಂತಾರೆ, ಆದರೆ ನಿಮ್ಮ ಕವಳೀನೇ, ಎಂದ.
ಕಾಯಿಯ ಬೀಜ ತೆಗೆ, ಸುಣ್ಣದ ತಿಳಿಯಲ್ಲಿ ನೆನೆಹಾಕು,
ಪಾಕ ದಿನಕ್ಕಿಷ್ಟು ಏರಿಸು, ಬಣ್ಣ ಕುಡಿಸು.
ದನದ ಕೊಟ್ಟಿಗೆ ಫ್ಯಾಕ್ಟರಿಯಾಯಿತು.
ಹದಿನಾಲ್ಕು ಹೆಂಗಸರ ಕೈ ಮಣಿಕಟ್ಟಿನ ತನಕ ಕೆಂಪು.
ಮತಗಟ್ಟೆಯ ಮೇಷ್ಟ್ರು ಶಾಯಿ ಹಚ್ಚಲು
ಜಾಗ ಹುಡುಕಿ ಹುಡುಕಿ ಸುಸ್ತಾದರು.

ಹಳಿ ಅಗಲ ಮಾಡುತ್ತೇವೆಂದು ರೈಲು ನಿಲ್ಲಿಸಿದ ವರ್ಷಗಳಲ್ಲಿ
ಬಸ್ಸಿನ ಟಾಪಿನ ಮೇಲೆ ಡಬ್ಬಗಳ ಜೊತೆ
ಅಪ್ಪನೂ ಟವೆಲ್ ಸುತ್ತಿ ಕೂತು ಶಿವಮೊಗ್ಗಕ್ಕೆ.
ಒಮ್ಮೆ ಕುಂಸಿಯ ತಿರುವಿನಲ್ಲಿ ಡಬ್ಬವೊಂದು ಉರುಳಿ ಒಡೆದು
ರಸ್ತೆಯಲ್ಲಿ ಅಪಘಾತವೆಂದು ಜನ ಸೇರಿದ್ದರು.

ನನ್ನ ಹತ್ತನೆಯ ಹುಟ್ಟುಹಬ್ಬಕ್ಕೆ ಕೇಕು ಬಂತು.
ಮೇಲಿನ ಚೆರ್ರಿ ಮುತ್ತಜ್ಜಿಗೆ.
ಹೊಳಿಯಮ್ಮ ಹಲ್ಲಿಲ್ಲದ ಬಾಯಲ್ಲಿ ಅರ್ಧ ಒತ್ತಿ
ಹೊರತೆಗೆದು ಬೆಳಕಿಗೆ ಹಿಡಿದಳು. ಕೆಂಪು.
ಇನ್ನೊಂದು ಕೊಡು ಅಂದಳು. ಅದೂ ಕೆಂಪು.
ಎಲ್ಲಾ ಹುಂಜಾನೇ ಆದ್ರೆ
ಮೊಟ್ಟೆ ಇಡೋರ್ಯಾರೇ, ಎಂದು ಕೇಳಿ
ಸೆರಗಿಗೆ ಕೈ ಒರೆಸಿಕೊಂಡಳು.

ಈಗ ಬಿಲ್ಲು ಬರೆಯುವವಳು ನಾನು.
ತುಮಕೂರಿನಿಂದ ದೂರು: ಕೇಕಿನಲ್ಲಿ ಬೀಜ, ಮದುಮಗನ ಹಲ್ಲು ಮುರಿದಿದೆ.
ಕ್ಷಮೆ ಕೇಳಿ ಎರಡು ಕೆಜಿ ಕಳಿಸಿದೆ.
ಲೈಸೆನ್ಸಿನ ಅರ್ಜಿಯಲ್ಲೊಂದು ಖಾನೆ, ಸಂಸ್ಥಾಪಕರು.
ಅಪ್ಪ ಪ್ರತಿ ಸಲ ಕೆರಿಯಪ್ಪ ಎಂದು ತುಂಬುತ್ತಿದ್ದರು.
ಕೆರಿಯಪ್ಪ ಮುಳ್ಳಿಗೆ ಹೆದರುವ ಮನುಷ್ಯ,
ಬುಟ್ಟಿ ಮುಟ್ಟಿದವನಲ್ಲ.
ನಾನು ಹೊಳಿಯಮ್ಮ ಎಂದು ಬರೆದೆ.
ನೀರು ಅವಳ ಹೆಸರಲ್ಲೂ ಇತ್ತು,
ಗುಮಾಸ್ತ ಕೇಳಿರಲಿಲ್ಲ.

ಅರ್ಜಿ ವಾಪಸು ಬಂದಿದೆ:
ಹಿಂದಿನ ದಾಖಲೆಗೆ ತಾಳೆಯಾಗುತ್ತಿಲ್ಲ, ಸಾಕ್ಷ್ಯ ಲಗತ್ತಿಸಿ.

ಬ್ಯಾಣದ ಕೊನೇ ಸಾಲನ್ನು ಕಾಯಲ್ಲಿ ಕೊಯ್ಯದೆ ಬಿಡುವುದು ಅಜ್ಜನ ರೂಢಿ.
ಹಣ್ಣು ಕಪ್ಪಾಗಿ ಇರುವೆ ಹತ್ತಿದೆ.
ಊದಿ ಒಂದನ್ನು ಕಚ್ಚಿ ನೋಡಿದೆ.
ಹ್ಯಾಟೆ.